ಮೆಟ್ನರ್ ಸೊನಾಟಾಗಳಿಗೆ ಮೈಸೂರು ಕೊಟ್ಟ ಮರುಜೀವ

ರಷ್ಯದ ನಿಕೊಲಾಯ್ ಮೆಟ್ನರ್ (1880–1951) ಪಿಯಾನೊಗೆಂದೇ 14 ಸೊನಾಟಾಗಳನ್ನು ರಚಿಸಿದರು. ಗೆಳೆಯ ರಾಖ್ಮನಿನೋವ್ ಜಗತ್ಪ್ರಸಿದ್ಧರಾದರು. ಮೆಟ್ನರ್ ಹೆಸರು ಮರೆಗೆ ಸರಿಯಿತು. ಆ ಸೊನಾಟಾಗಳು ಮತ್ತೆ ಕೇಳುಗರನ್ನು ಮುಟ್ಟಿದ ಚರಿತ್ರೆಯಲ್ಲಿ ಮೈಸೂರಿಗೆ ದೊಡ್ಡ ಪಾಲಿದೆ. ಕನ್ನಡಿಗರು ಅದನ್ನು ಇನ್ನಷ್ಟು ಬಲ್ಲವರಾಗಬೇಕು.

ಅವರು ಮರೆಯಾದದ್ದಕ್ಕೆ ಕಾರಣಗಳಿವೆ. ಸೊನಾಟಾ ಎಂದರೆ ಎರಡು ಮೂರು ಸ್ವರಗುಚ್ಛಗಳನ್ನು ಎದುರುಬದುರು ನಿಲ್ಲಿಸಿ, ಬೆಳೆಸಿ, ಕೊನೆಗೆ ಒಂದೇ ಶ್ರುತಿಯ ನೆಲೆಗೆ ತರುವ ಕಟ್ಟಡ. ಬೀಥೋವನ್ ಬೆಳೆಸಿದ ಈ ಶಿಸ್ತನ್ನು ಮೆಟ್ನರ್ ಕೊನೆಯವರೆಗೂ ಬಿಡಲಿಲ್ಲ. ಶೋನ್‌ಬರ್ಗ್, ಸ್ಟ್ರಾವಿನ್‌ಸ್ಕಿ ಹಳೆಯ ಚೌಕಟ್ಟನ್ನು ಒಡೆಯುತ್ತಿದ್ದ ಕಾಲದಲ್ಲಿ ಅವರು ಹಳಬರಂತೆ ಕಂಡರು. ಸಂಗೀತದ ಶಾಶ್ವತ ನಿಯಮಗಳನ್ನು ಸಮರ್ಥಿಸಿ 1935ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. 1921ರಲ್ಲಿ ತಾಯ್ನಾಡು ಬಿಟ್ಟು, ಜರ್ಮನಿ, ಫ್ರಾನ್ಸ್ ದಾಟಿ, 1930ರ ದಶಕದ ನಡುವೆ ಲಂಡನ್ ಸೇರಿದರು. ಮಹಾಯುದ್ಧದ ದಿನಗಳಲ್ಲಿ ಅವರ ವರಮಾನವೂ ಆರೋಗ್ಯವೂ ಕುಸಿದವು.

ಇತ್ತ ಮೈಸೂರು ಅರಮನೆಗೆ ಪಾಶ್ಚಾತ್ಯ ಸಂಗೀತ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಅಲ್ಲಿ ವಾದ್ಯವೃಂದವಿತ್ತು. ಜಯಚಾಮರಾಜ ಒಡೆಯರು ಪಿಯಾನೊ ವಾದಕರಾಗುವ ಕನಸು ಕಂಡವರು. 1940ರಲ್ಲಿ ಮೊದಲು ತಂದೆ, ಬಳಿಕ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡು, 21ನೆಯ ವಯಸ್ಸಿಗೇ ಪಟ್ಟವೇರಬೇಕಾಯಿತು. ಆದರೂ ಅಭ್ಯಾಸ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಭಾರಿ ಸಂಗ್ರಹವಿತ್ತು. ಇಷ್ಟು ಕೇಳಿ ಪಳಗಿದ ಕಿವಿಗೆ ಮೆಟ್ನರ್ ಹಿಡಿಸಿದ್ದು ರಾಜರ ಹವ್ಯಾಸದ ಮಾತಲ್ಲ, ರಸಿಕನ ತೀರ್ಮಾನ.

1940ರ ದಶಕದ ಕೊನೆಯಲ್ಲಿ ಒಡೆಯರ ಹಣದಿಂದ ಮೆಟ್ನರ್ ಸೊಸೈಟಿ ರೂಪುಗೊಂಡಿತು. ಮೆಟ್ನರ್ 1947ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದೊಡನೆ ತಮ್ಮ ಮೂರೂ ಕನ್ಸರ್ಟೊಗಳನ್ನು ಧ್ವನಿಮುದ್ರಿಸಿದರು. ಸೊನಾಟಾ-ಬ್ಯಾಲಡ್‌ನಂಥ ಕೃತಿಗಳೂ ಹಾಡುಗಳೂ ಸೇರಿ ಮೂರು ಸಂಪುಟಗಳಲ್ಲಿ ಎಚ್‌ಎಂವಿ ತಟ್ಟೆಗಳು ಹೊರಬಂದವು. ಮೂರನೆಯ ಕನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೆ ಅರ್ಪಿಸಿದರು. 14 ಸೊನಾಟಾಗಳಲ್ಲಿ ಹೆಚ್ಚಿನವು ಆಗ ತಟ್ಟೆಗೆ ಇಳಿಯಲಿಲ್ಲ, ನಿಜ. ಆದರೆ ಎಲ್ಲಿ ಓಟ, ಎಲ್ಲಿ ತಡೆ, ಯಾವ ಸ್ವರಕ್ಕೆ ಎಷ್ಟು ಒತ್ತು ಎಂಬುದನ್ನು ಕೃತಿಕಾರರ ಬೆರಳುಗಳೇ ದಾಖಲಿಸಿದವು. ಕೆಲವೇ ವರ್ಷ ತಡವಾಗಿದ್ದರೂ ಈ ಸಾಕ್ಷ್ಯ ಇರುತ್ತಿರಲಿಲ್ಲ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು.

ಮುಂದಿನ ಘಟ್ಟ ಮುದ್ರಣದ್ದು. 1958ರಲ್ಲಿ ಪತ್ನಿ ಆನಾ ಮಾಸ್ಕೋಗೆ ಮರಳಿದರು. 1959–63ರಲ್ಲಿ ಅಲ್ಲಿ 12 ಸಂಪುಟಗಳ ಸಮಗ್ರ ಆವೃತ್ತಿ ಬಂತು. ಆಮೇಲಿನದು ವಾದಕರ ಘಟ್ಟ. ಎಮಿಲ್ ಗಿಲೆಲ್ಸ್ ನುಡಿಸಿದ ‘ಸೊನಾಟಾ ರೆಮಿನಿಸೆಂಜಾ’ ಅನೇಕರಿಗೆ ಮೆಟ್ನರ್ ಲೋಕದ ಬಾಗಿಲಾಯಿತು. ಬ್ರಿಟನ್ನಿನ ಹ್ಯಾಮಿಶ್ ಮಿಲ್ನ್, ಆಸ್ಟ್ರೇಲಿಯದ ಜೆಫ್ರಿ ಟೋಜರ್ ದಶಕಗಳ ಶ್ರಮ ಹಾಕಿದರು. 1998ರಲ್ಲಿ ಮಾರ್ಕ್-ಆಂದ್ರೆ ಆಮ್ಲ್ಯಾಂ ನುಡಿಸಿದ 14 ಸೊನಾಟಾಗಳೂ ಒಟ್ಟಿಗೆ ಸಿಡಿಗಳಲ್ಲಿ ದೊರೆತವು. ಅರ್ಧ ಗಂಟೆ ಮೀರುವ, ರಾಖ್ಮನಿನೋವ್‌ಗೆ ಅರ್ಪಿತವಾದ ‘ರಾತ್ರಿಗಾಳಿ’ ಸೊನಾಟಾ ಈಗ ಆ ಶತಮಾನದ ಮಹಾಕೃತಿಗಳ ಸಾಲಿನಲ್ಲಿದೆ. ಮೊತ್ಸಾರ್ಟ್‌ನ ಸಮಕಾಲೀನ ಕ್ಲೆಮೆಂಟಿಯ ಸೊನಾಟಾಗಳೂ 1950ರ ದಶಕದಲ್ಲಿ ಹೊರೋವಿಟ್ಜ್ ತಟ್ಟೆಗಳ ಮೂಲಕವೇ ಹೊಸ ಕೇಳುಗರನ್ನು ಪಡೆದವು. ಧ್ವನಿ, ಲಿಪಿ, ವಾದಕ ಮೂರೂ ಕೂಡಿದಾಗಲೇ ಮರೆತ ಸಂಗೀತ ಮರಳಿ ನೆಲೆಯೂರುತ್ತದೆ. ಮೆಟ್ನರ್‌ಗೆ ಮೊದಲನೆಯದನ್ನು ಒದಗಿಸಿದ್ದು ಮೈಸೂರು.

ಜಯಚಾಮರಾಜ ಒಡೆಯರನ್ನು ನಾವು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳ ವಾಗ್ಗೇಯಕಾರರೆಂದು ಗೌರವಿಸುತ್ತೇವೆ. ಮೆಟ್ನರ್ ಸೊನಾಟಾಗಳು ಮಾತ್ರ ನಮ್ಮ ವೇದಿಕೆಗಳಲ್ಲಿ ಇಂದಿಗೂ ಅಪರೂಪ. ಭಾರತದ ಕಾಯ್ದೆಯಲ್ಲಿ ಕೃತಿಕಾರ ತೀರಿಕೊಂಡು 60 ವರ್ಷವಾದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. 2012ರಿಂದ ಈ ಸೊನಾಟಾಗಳು ಎಲ್ಲರ ಸ್ವತ್ತು. ಕಾವೇರಿ ಕೊಡಗಿನ ಗಡಿ ದಾಟುವ ಶಿರಂಗಾಲದಲ್ಲಿ ಕೂತ ವಿದ್ಯಾರ್ಥಿಯೂ ಅವನ್ನು ಫೋನಿನಲ್ಲಿ ಕೇಳಬಹುದು, ಲಿಪಿಯನ್ನು ಇಳಿಸಿಕೊಳ್ಳಬಹುದು. ಬೆಂಗಳೂರು, ಮೈಸೂರಿನ ಸಂಗೀತ ಸಂಸ್ಥೆಗಳು ವರ್ಷಕ್ಕೊಂದಾದರೂ ಮೆಟ್ನರ್ ಕಛೇರಿ ಏರ್ಪಡಿಸಲಿ. ಮೈಸೂರಿನ ಹಣದಿಂದ ಉಳಿದ ಸಂಗೀತವನ್ನು ಮೈಸೂರಿನಲ್ಲೇ ಕೇಳುವ ಹಕ್ಕು ನಮಗಿದೆ. ಕೇಳಿಸುವ ಹೊಣೆಯೂ ನಮ್ಮದೇ.