ಸೂಡಿಯ ಸಾಕ್ಷ್ಯ

ರೋಣ, ಗಜೇಂದ್ರಗಡಗಳ ನಡುವಿನ ಸೂಡಿ ಇಂದು ಒಂದು ಹಳ್ಳಿ. ಸಾವಿರ ವರ್ಷದ ಹಿಂದೆ ಅದು ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿ. ಆಳುತ್ತಿದ್ದವಳು ಕಲ್ಯಾಣ ಚಾಲುಕ್ಯ ದೊರೆ ಎರಡನೇ ಜಯಸಿಂಹನ ಅಕ್ಕ ಅಕ್ಕಾದೇವಿ. ನಾವು ಇತಿಹಾಸವನ್ನು ಬಾದಾಮಿ, ಹಂಪಿಗಳಲ್ಲಷ್ಟೇ ಹುಡುಕುವುದು ಒಂದು ಬಗೆಯ ಸೋಮಾರಿತನ. ರಾಜ್ಯ ನಿಜವಾಗಿ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಸೂಡಿಯಂಥ ಊರೇ ಬೇಕು. ಇಲ್ಲಿನ 11ನೇ ಶತಮಾನದ ಶಾಸನವೊಂದು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಕಟ್ಟಳೆಯನ್ನು ಮರಳಿ ಊರ್ಜಿತಗೊಳಿಸಿಕೊಟ್ಟದ್ದನ್ನು ಹೇಳುತ್ತದೆ. ಅಂದರೆ ಅರಮನೆಗೂ ಪೇಟೆಯೊಡನೆ ಲಿಖಿತ ಒಪ್ಪಂದ ಬೇಕಿತ್ತು.

ಶಾಸನಗಳೆಲ್ಲ ಹೊಗಳುಭಟರ ಮಾತು, ನಂಬುವುದೆಂತು ಎನ್ನಬಹುದು. ಆಕ್ಷೇಪ ಹಗುರವಲ್ಲ: ಗಂಗ ದೊರೆ ಬೂತುಗನ ಹೆಸರಿನ ಸೂಡಿಯ ತಾಮ್ರಪಟಗಳನ್ನೇ ಶಾಸನತಜ್ಞ ಫ್ಲೀಟ್ ನಕಲಿಯೆಂದು ತಳ್ಳಿಹಾಕಿದರು. ಅಕ್ಕಾದೇವಿಯನ್ನು ರಣಭೈರವಿ ಎಂದಾಗ ಅನುಮಾನಪಡೋಣ. ಆದರೆ ಸೆಟ್ಟಿಗಳೆಷ್ಟು, ಒಕ್ಕಲುಗಳೆಷ್ಟು ಎಂಬ ಲೆಕ್ಕದಲ್ಲಿ ಯಾರನ್ನು ಮೆಚ್ಚಿಸಬೇಕಿತ್ತು? ಅದು ವ್ಯವಹಾರದ ಭಾಷೆ. ಮೇಲಾಗಿ ಎರಡು ಶಿಖರಗಳ ಜೋಡು ಕಳಸದ ಗುಡಿಯೂ ಕೆತ್ತನೆಗೋಡೆಯ ನಾಗಕುಂಡವೂ ಇಂದಿಗೂ ಅಲ್ಲಿವೆ. ಅಷ್ಟು ಕಲ್ಲುಕೆಲಸಕ್ಕೆ ಹಣ ಹೊಂದಿಸಬಲ್ಲ ಊರಿನಲ್ಲಿ ಎಂಟು ಸೆಟ್ಟಿಗಳಿದ್ದರು ಎಂದರೆ ಉತ್ಪ್ರೇಕ್ಷೆಯೆನಿಸದು.