ಸ್ಮಾರಕ ಸಂರಕ್ಷಣೆಯ ಕಾನೂನು ಮತ್ತು ಸ್ಥಳೀಯ ಆಡಳಿತ: ಹೊಸಪೇಟೆಯಾಚೆಯ ಐದು ತಾಲ್ಲೂಕುಗಳು

ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಈ ಸೀಮೆಯ ಹಳೆಯ ಗುಡಿ, ಕೋಟೆ, ಶಾಸನ, ಕೆರೆಗಳನ್ನು ಕಾಯುವ ಹೊಣೆ ಯಾವ ಕಾಲದಲ್ಲಿ ಯಾರದಾಗಿತ್ತು, ಅದು ಊರಿನವರ ಕೈಯಿಂದ ಸರ್ಕಾರದ ಕಡತಕ್ಕೆ ಹೇಗೆ ದಾಟಿತು ಎಂಬುದು ಈ ಲೇಖನದ ವಿಷಯ. ಹೊಸಪೇಟೆ ತಾಲ್ಲೂಕಿನ ಹಂಪಿಗೆ 1986ರಲ್ಲಿ ವಿಶ್ವಪರಂಪರೆಯ ಮನ್ನಣೆ ಸಿಕ್ಕಿತು. ಅದಕ್ಕೆಂದೇ 2002ರ ಪ್ರತ್ಯೇಕ ಕಾಯಿದೆಯೂ ಪ್ರಾಧಿಕಾರವೂ ಬಂದವು. ಪಕ್ಕದ ಐದು ತಾಲ್ಲೂಕುಗಳಿಗೆ ಅಂಥದ್ದೇನೂ ಇಲ್ಲ. ದೇಶಕ್ಕೆಲ್ಲ ಅನ್ವಯಿಸುವ ಕೇಂದ್ರದ ಕಾಯಿದೆ, ರಾಜ್ಯದ ಕಾಯಿದೆ, ಮುಜರಾಯಿ ಇಲಾಖೆ, ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ, ಇಷ್ಟರಲ್ಲೇ ಇಲ್ಲಿನ ಸ್ಮಾರಕಗಳು ಬದುಕಬೇಕು. ಸ್ಮಾರಕಗಳೇನೂ ಸಣ್ಣವಲ್ಲ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಅಂಬಳಿಯ ಕಲ್ಲೇಶ್ವರ ದೇಗುಲಗಳು ಕಲ್ಯಾಣ ಚಾಲುಕ್ಯರ ಶಿಲ್ಪದ ಎತ್ತರದ ಮಾದರಿಗಳು. ಹಂಪಿಯ ಕಲ್ಲಿನ ರಥಕ್ಕಿಂತ ನಾಲ್ಕೈದು ಶತಮಾನ ಹಳೆಯವು ಎಂಬುದನ್ನು ಪ್ರವಾಸೋದ್ಯಮದ ಕರಪತ್ರಗಳು ಸಾಮಾನ್ಯವಾಗಿ ಮರೆಯುತ್ತವೆ.

ಶಾಸನಗಳ ಕಾಲ

ಈ ಸೀಮೆ ಹತ್ತರಿಂದ ಹನ್ನೆರಡನೆಯ ಶತಮಾನದವರೆಗೆ ನೊಳಂಬವಾಡಿ ಮತ್ತು ಕೋಗಳಿ ಐನೂರು ಎಂಬ ಆಡಳಿತ ವಿಭಾಗಗಳಿಗೆ ಸೇರಿತ್ತು. ಶಾಸನಗಳು ಬಾಗಳಿಯನ್ನು ಬಳ್ಗುಳಿ ಎಂದು ಕರೆಯುತ್ತವೆ. ರಾಷ್ಟ್ರಕೂಟರ ಕಾಲದಲ್ಲೇ ತಳವೂರಿದ್ದ ಇಲ್ಲಿನ ದೇಗುಲ 987ರ ಹೊತ್ತಿಗೆ, ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ದುಗ್ಗಿಮಯ್ಯನೆಂಬವನ ಕೈಯಲ್ಲಿ ಬೆಳೆಯಿತು. ಹಿರೇಹಡಗಲಿಯ ದೇಗುಲವನ್ನು 1057ರಲ್ಲಿ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಕಟ್ಟಿಸಿದ. ಅಂಬಳಿಯದು 1083ರದು.

ದಾನಶಾಸನವನ್ನು ನಾವು ಭಕ್ತಿಯ ದಾಖಲೆಯೆಂದು ಓದುತ್ತೇವೆ. ಅದು ಅಷ್ಟೇ ಮಟ್ಟಿಗೆ ಕಾನೂನಿನ ಪತ್ರವೂ ಹೌದು. ಯಾರು ಕೊಟ್ಟರು, ಎಷ್ಟು ಮತ್ತರು ಭೂಮಿ, ಅದರ ಚತುಸ್ಸೀಮೆ ಯಾವುದು, ಹುಟ್ಟುವಳಿ ಯಾವುದಕ್ಕೆ ಸಲ್ಲಬೇಕು, ಯಾರು ನಡೆಸಬೇಕು, ಕೆಡಿಸಿದವನಿಗೆ ಏನು ಗತಿ ಎಂದು ಸಾಲಾಗಿ ಬರುತ್ತದೆ. ನಿತ್ಯದ ಅಂಗಭೋಗ, ನೈವೇದ್ಯಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದು ಬಿರುಕುಬಿಟ್ಟ ಭಾಗದ ದುರಸ್ತಿಗೆ, ಹಣದ ಮೂಲವನ್ನು ಕಟ್ಟುವಾಗಲೇ ಗೊತ್ತುಮಾಡುವುದು ಆ ಕಾಲದ ರೂಢಿ. ನಡೆಸುವವರು ಊರಿನ ಮಹಾಜನರು, ಸ್ಥಾನಾಚಾರ್ಯರು, ಗಾವುಂಡರು. ಶಿಕ್ಷೆಯ ಜಾಗದಲ್ಲಿ ಶಾಪ: ಕೆಡಿಸಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಮುಂದೆ ಬಂದ ಕಾಯಿದೆಗಳಲ್ಲೂ ಸೀಮೆ, ಬಳಕೆ, ಪಾಲಕ, ಶಿಕ್ಷೆ ಎಂಬ ನಾಲ್ಕು ಅಂಗಗಳಿವೆ. ಇಲ್ಲದ್ದು ಐದನೆಯದು, ಆ ಗುಡಿಗೇ ಕಟ್ಟಿಟ್ಟ ವರಮಾನ. ಈ ಸೀಮೆಯ ಸಂರಕ್ಷಣೆಯ ಕಥೆಯಲ್ಲಿ ಕಳೆದುಹೋದದ್ದು ಮುಖ್ಯವಾಗಿ ಅದೇ.

ವಿಜಯನಗರದ ಪತನದ ನಂತರ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರು ಕೋಟೆ ಕಟ್ಟಿದರು, ಗುಡಿಗಳಿಗೆ ಉಂಬಳಿ ಕೊಟ್ಟರು. ವ್ಯವಸ್ಥೆಯ ಸ್ವರೂಪ ಬದಲಾಗಲಿಲ್ಲ.

ಮದರಾಸಿನ ದಿನಗಳು

1800ರಲ್ಲಿ ಹೈದರಾಬಾದಿನ ನಿಜಾಮ ಈ ತಾಲ್ಲೂಕುಗಳನ್ನೊಳಗೊಂಡ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಸೆಪ್ಟೆಂಬರ್ ಕೊನೆಯವರೆಗೆ ಇದು ಮದರಾಸಿಗೆ ಸೇರಿದ ನೆಲ. ತುಂಗಭದ್ರೆಯ ಈ ದಡದ ಕನ್ನಡಿಗರಿಗೆ ಕಾಯಿದೆ ಬರುತ್ತಿದ್ದುದು ಬೆಂಗಳೂರು ಅಥವಾ ಮೈಸೂರಿನಿಂದಲ್ಲ.

ಮೊದಲು ಬಂದದ್ದು 1817ರ ಮದರಾಸು ಏಳನೆಯ ರೆಗ್ಯುಲೇಷನ್. ಗುಡಿ, ಮಸೀದಿ, ಛತ್ರ, ಸೇತುವೆಗಳಿಗೆ ಬಿಟ್ಟ ಭೂಮಿಯ ಹುಟ್ಟುವಳಿ ಅದಕ್ಕೇ ಸಲ್ಲುವಂತೆ ನೋಡಿಕೊಳ್ಳುವ ಅಧಿಕಾರವನ್ನು ಅದು ರೆವಿನ್ಯೂ ಬೋರ್ಡಿಗೆ ಕೊಟ್ಟಿತು. ಊರಿನ ಲೆಕ್ಕ ಕಲೆಕ್ಟರ ಕಚೇರಿಗೆ ಹೋಯಿತು. ಕಂಪನಿ ಸರ್ಕಾರ ಹಿಂದೂ ಗುಡಿಗಳನ್ನು ನಡೆಸುವುದೇಕೆ ಎಂದು ಇಂಗ್ಲೆಂಡಿನ ಪಾದ್ರಿಗಳು ಗದ್ದಲವೆಬ್ಬಿಸಿದ ಮೇಲೆ ಸರ್ಕಾರ ಹಿಂದೆ ಸರಿಯಿತು. 1863ರ ಕಾಯಿದೆ ಗುಡಿಗಳನ್ನು ಧರ್ಮದರ್ಶಿಗಳಿಗೂ ಸಮಿತಿಗಳಿಗೂ ಒಪ್ಪಿಸಿತು. ಅಷ್ಟರಲ್ಲಿ ಮಹಾಜನರ ಕಾಲದ ಸಂಸ್ಥೆಗಳು ಬಲ ಕಳೆದುಕೊಂಡಿದ್ದವು. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಊರಿನಲ್ಲಿ ಕೈಗಳಿರಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಹಾದಿ ತೆರೆಯಿತು, ಪಟ್ಟಿ ಮಾಡುವ ಹಾದಿ. ರಾಬರ್ಟ್ ಸೂಯೆಲ್ 1882ರಲ್ಲಿ ಮದರಾಸು ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು ಪ್ರಕಟಿಸಿದ. ಅಲೆಕ್ಸಾಂಡರ್ ರೀ ಬಾಗಳಿ, ಕುರುವತ್ತಿ, ಮಾಗಳ, ಹೂವಿನಹಡಗಲಿ, ನೀಲಗುಂದಗಳಲ್ಲಿ ಅಳತೆ ಮಾಡಿಸಿ, ನಕ್ಷೆ ಬರೆಸಿ 1896ರಲ್ಲಿ ಚಾಲುಕ್ಯ ವಾಸ್ತುವಿನ ಬಗ್ಗೆ ದೊಡ್ಡ ಸಂಪುಟ ತಂದ. ಕುರುವತ್ತಿಯ ಬಾಗಿಲ ಮೇಲಿನ ಮದನಿಕೆಯರು ಹೊರಜಗತ್ತಿನ ಕಣ್ಣಿಗೆ ಬಿದ್ದುದರಲ್ಲಿ ಇಂಥ ಕೃತಿಗಳ ಪಾತ್ರ ದೊಡ್ಡದು. ಹಳೆ ಮೈಸೂರಿನ ಶಾಸನಗಳು ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬಂದವು. ಈ ಸೀಮೆಯವು ಗಡಿಯಾಚೆಯವಾದ್ದರಿಂದ ಅಲ್ಲಿ ಜಾಗ ಪಡೆಯಲಿಲ್ಲ. ಇವು ಅಚ್ಚಾಗಲು ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳಿಗೆ ಮೀಸಲಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೆಯ ಸಂಪುಟ ಬರಬೇಕಾಯಿತು. ಅದನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದರು. ಮೈಸೂರಿನ ಓದುಗನಿಗೆ ಬೇಲೂರು ಮನೆಮಾತಾಗಿ ಬಾಗಳಿ ಅಪರಿಚಿತವಾಗಿ ಉಳಿದುದಕ್ಕೆ ಈ ಗಡಿಯೂ ಒಂದು ಕಾರಣವೆಂದು ಹೇಳಬಹುದು.

ಲಾರ್ಡ್ ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಈ ಪಟ್ಟಿಗಳಿಗೆ ಹಲ್ಲು ಕೊಟ್ಟಿತು. ಪ್ರಾಂತೀಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಕಟ್ಟಡ ಸಂರಕ್ಷಿತವಾಗುತ್ತಿತ್ತು. ಮಾಲೀಕನೊಂದಿಗೆ ಕರಾರು ಮಾಡಿಕೊಳ್ಳುವ ಅವಕಾಶವೂ ಇತ್ತು. ಪಟ್ಟಿಯಲ್ಲಿ ಸೇರಿದ್ದು ಸರ್ಕಾರದ್ದು, ಸೇರದ್ದು ದೇವರದ್ದು ಎಂಬ ಭೇದ ಇಲ್ಲಿಂದ ಶುರು.

ದೆಹಲಿಯ ಪಟ್ಟಿ, ಬೆಂಗಳೂರಿನ ಪಟ್ಟಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ಸಂವಿಧಾನವು ಅಷ್ಟರಲ್ಲೇ ಹೊಣೆಯನ್ನು ಹಂಚಿತ್ತು: ರಾಷ್ಟ್ರೀಯ ಮಹತ್ವದವು ಕೇಂದ್ರಕ್ಕೆ, ಉಳಿದವು ರಾಜ್ಯಕ್ಕೆ. 1904ರ ಕಾಯಿದೆಯಡಿ ಸೂಚಿತವಾಗಿದ್ದವು 1951ರ ಕಾಯಿದೆಯಿಂದ ರಾಷ್ಟ್ರೀಯ ಮಹತ್ವದ ಸ್ಥಾನ ಪಡೆದವು. 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಕಾಯಿದೆ ಅವನ್ನು ಹಾಗೆಯೇ ಮುಂದುವರಿಸಿತು. ಆದ್ದರಿಂದ ಇಂದಿನ ಕೇಂದ್ರ ಪಟ್ಟಿಯ ಬೆನ್ನೆಲುಬು ಬ್ರಿಟಿಷ್ ಅಧಿಕಾರಿಗಳ ಆಯ್ಕೆಯೇ. ಅವರ ಕಣ್ಣು ಶಿಲ್ಪದ ಮೇಲಿತ್ತು. ಕೆರೆಯ ತೂಬು, ಧಾನ್ಯ ತುಂಬುವ ಹಗೇವು, ಊರಬಾಗಿಲು, ಕಾವಲಿನ ಮಣ್ಣಿನ ಹುಡೇವುಗಳ ಮೇಲಲ್ಲ. ರಾಜ್ಯವು 1961ರಲ್ಲಿ ತನ್ನದೇ ಕಾಯಿದೆ ಮಾಡಿತು. ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವವು 3,600ಕ್ಕೂ ಹೆಚ್ಚು, ಕರ್ನಾಟಕದಲ್ಲಿ 500ಕ್ಕೂ ಹೆಚ್ಚು. ರಾಜ್ಯ ರಕ್ಷಿತವಾದವು 800ಕ್ಕೂ ಮೇಲೆ.

ಗಡಿ ಮಾತ್ರ ನಿಲ್ಲಲಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಹಳೆಯ ಪುಸ್ತಕಗಳಲ್ಲಿ ಬಾಗಳಿಯನ್ನು ಹುಡುಕುವವರು ಬಳ್ಳಾರಿ, ದಾವಣಗೆರೆ, ವಿಜಯನಗರ ಮೂರೂ ಹೆಸರಿನಡಿ ನೋಡಬೇಕು. ಕೇಂದ್ರದ ಸ್ಮಾರಕಗಳನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯೂ ತನ್ನ ಆಡಳಿತ ವಿಭಾಗಗಳನ್ನು ಬದಲಿಸಿ 2020ರಲ್ಲಿ ಹಂಪಿಗೆ ಪೂರ್ಣ ವೃತ್ತದ (ಸರ್ಕಲ್) ಸ್ಥಾನ ಕೊಟ್ಟಿತು.

ನೂರು ಮೀಟರಿನ ಲೆಕ್ಕ

ಊರಿನ ನಡುವೆ ನಿಂತ ಸಂರಕ್ಷಿತ ಗುಡಿಯ ಸುತ್ತ ಕಾನೂನು ಹೇಗೆ ನಡೆಯುತ್ತದೆಂಬುದನ್ನು ಸರ್ವೇಕ್ಷಣೆಯ ನೀಲಿ ಫಲಕದ ಮುಂದೆ ನಿಂತು ನೋಡಬೇಕು. 1992ರ ಜೂನ್ 16ರ ಅಧಿಸೂಚನೆ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತವೆಂದೂ ಸಾರಿತು. 2010ರ ತಿದ್ದುಪಡಿ ಇದನ್ನೇ ಕಾಯಿದೆಯೊಳಗೆ ಸೇರಿಸಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಹುಟ್ಟುಹಾಕಿತು, ಮೊದಲು ಮೂರು ತಿಂಗಳಿದ್ದ ಗರಿಷ್ಠ ಸಜೆಯನ್ನು ಎರಡು ವರ್ಷಕ್ಕೂ 5,000 ರೂಪಾಯಿ ದಂಡವನ್ನು ಒಂದು ಲಕ್ಷಕ್ಕೂ ಏರಿಸಿತು. ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಎಲ್ಲೆಯಿಂದ, ಅಂದರೆ ತಂತಿಬೇಲಿ ದಾಟಿ. ಸಣ್ಣ ಹಳ್ಳಿಯಲ್ಲಿ 300 ಮೀಟರೆಂದರೆ ಹೆಚ್ಚುಕಡಿಮೆ ಇಡೀ ಊರೇ.

ಬೇಲಿಯಿಂದ 60 ಮೀಟರಿನಲ್ಲಿರುವ ಒಂದು ಮಣ್ಣಿನ ಮಾಳಿಗೆ ಮನೆಯನ್ನು ಎಣಿಸಿಕೊಳ್ಳಿ. ಮನೆ 1992ಕ್ಕಿಂತ ಹಿಂದಿನದಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ಪಕ್ಕದ ಖಾಲಿ ಹಿತ್ತಲಲ್ಲಿ ಮಗನಿಗೆ ಹೊಸ ಮನೆ ಕಟ್ಟುವಂತಿಲ್ಲ. ಸಾರ್ವಜನಿಕ ಚರಂಡಿ, ಶೌಚಾಲಯ, ಕುಡಿಯುವ ನೀರು, ವಿದ್ಯುತ್ ಕೆಲಸಗಳನ್ನು ಕಾಯಿದೆ ನಿರ್ಮಾಣವೆಂದು ಎಣಿಸುವುದಿಲ್ಲ. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ. ಅದು 15 ದಿನದೊಳಗೆ ದೆಹಲಿಯ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಎರಡು ತಿಂಗಳಲ್ಲಿ ಶಿಫಾರಸು, ಆಮೇಲೆ ಒಂದು ತಿಂಗಳಲ್ಲಿ ಆದೇಶ. ಕಾಗದದ ಮೇಲೆ ಇದು ಚುರುಕಾಗಿಯೇ ಇದೆ. ವಸತಿ ಯೋಜನೆಯ ಮನೆ ಮಂಜೂರಾಗಿ, ತಳಪಾಯದ ಜಿಪಿಎಸ್ ಫೋಟೊ ತೆಗೆಸಬೇಕಾದ ಫಲಾನುಭವಿಗೆ ಆ ಮೂರೂವರೆ ತಿಂಗಳೂ ದೊಡ್ಡವು.

ಇಲ್ಲಿ ಪಂಚಾಯಿತಿಯ ಸ್ಥಾನ ವಿಚಿತ್ರ. 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಪ್ರಕರಣದಂತೆ ಕಟ್ಟಡಕ್ಕೆ ಪರವಾನಗಿ ಕೊಡುವುದು ಗ್ರಾಮ ಪಂಚಾಯಿತಿ. ಪಟ್ಟಣಗಳಲ್ಲಿ ಅದು ಪುರಸಭೆ, ಪಟ್ಟಣ ಪಂಚಾಯಿತಿಗಳ ಕೆಲಸ. ಸಕ್ಷಮ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವಿಲ್ಲದೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಹಿ ಹಾಕುವಂತಿಲ್ಲ, ಹಾಕಿದರೆ ತಾವೇ ಸಿಕ್ಕಿಬೀಳುತ್ತಾರೆ. ಆದರೆ ಸ್ಮಾರಕದ ಬಗ್ಗೆ ತೀರ್ಮಾನಿಸುವ ಯಾವ ಮೇಜಿನ ಸುತ್ತಲೂ ಪಂಚಾಯಿತಿಗೆ ಕುರ್ಚಿಯಿಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯವಿದೆ, ಸಂತೆ ಜಾತ್ರೆಗಳಿವೆ, ಸ್ಮಾರಕವಿಲ್ಲ. ಅಧಿಸೂಚನೆಗೆ ಮುಂಚೆ ಎರಡು ತಿಂಗಳ ಆಕ್ಷೇಪಣೆಯ ಅವಕಾಶವನ್ನು ಕಾಯಿದೆ ಯಾರಿಗೂ ಕೊಡುತ್ತದೆ, ಸೂಚನೆಯ ಪ್ರತಿಯನ್ನು ಸ್ಮಾರಕದ ಬಳಿ ಅಂಟಿಸಬೇಕೆಂದೂ ಹೇಳುತ್ತದೆ. ಊರಿಗೆ ದಕ್ಕಿದ್ದು ಅಷ್ಟು. ಪ್ರತಿ ಸ್ಮಾರಕಕ್ಕೂ ಸ್ಥಳಕ್ಕೆ ತಕ್ಕ ಪಾರಂಪರಿಕ ಉಪವಿಧಿ ರಚಿಸಬೇಕೆಂಬ 2010ರ ನಿಯಮ ಈ ಬಿಗಿಯನ್ನು ಸಡಿಲಿಸಬಹುದಿತ್ತು. ದೇಶದ ಬಹುಪಾಲು ಸ್ಮಾರಕಗಳಿಗೆ ಅವು ಅಂತಿಮಗೊಂಡಿಲ್ಲ. ನಿಯಮವನ್ನು ಹೇರುವ ಕೆಲಸ ಊರಿಗೆ, ಬರೆಯುವ ಕೆಲಸ ದೆಹಲಿಗೆ ಎಂಬ ಹಂಚಿಕೆಯಿಂದ ಗುಡಿಗೂ ಲಾಭವಾಗಿಲ್ಲ. ಊರಿನವರು ಅದನ್ನು ಅಡ್ಡಿಯೆಂದು ನೋಡಲು ಕಲಿಯುತ್ತಾರೆ.

ಹಂಪಿಯಲ್ಲೂ ಇದೇ ಜಗಳ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದವರ ತೆರವು, 2020ರಲ್ಲಿ ವಿರೂಪಾಪುರ ಗಡ್ಡೆಯ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಎಲ್ಲರಿಗೂ ಗೊತ್ತು. ಪ್ರತ್ಯೇಕ ಪ್ರಾಧಿಕಾರವಿದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಆ ಕಡತಗಳನ್ನು ಓದಬೇಕು.

ಪಟ್ಟಿಯ ಹೊರಗೆ

ಪೂಜೆ ನಡೆಯುವ ದೊಡ್ಡ ಕ್ಷೇತ್ರಗಳ ಹಾದಿ ಬೇರೆ. ಕೊಟ್ಟೂರಿನ ಗುರು ಬಸವೇಶ್ವರ, ಹೂವಿನಹಡಗಲಿ ತಾಲ್ಲೂಕಿನ ಮೈಲಾರಲಿಂಗೇಶ್ವರ ಮುಜರಾಯಿಯ ಕಡೆಗೆ ಬರುತ್ತವೆ. ಮದರಾಸಿನಲ್ಲಿ 1920ರ ದಶಕದಿಂದ ಬೆಳೆದ ಧಾರ್ಮಿಕ ದತ್ತಿ ಕಾಯಿದೆಗಳ ಜಾಗಕ್ಕೆ ರಾಜ್ಯದ 1997ರ ಕಾಯಿದೆ ಬಂದಿದೆ. ಇನಾಂ ರದ್ದತಿ ಮತ್ತು 1974ರ ಭೂಸುಧಾರಣೆಯ ನಂತರ ಗುಡಿಯ ಹೊಲಗಳು ಉಳುವವರ ಪಾಲಾದವು. ಅದು ನ್ಯಾಯವೇ. ಆದರೆ ಶಾಸನದ ಕಾಲದಿಂದ ದುರಸ್ತಿಗೆ ಇದ್ದ ವರಮಾನದ ಬದಲು ಗುಡಿಗೆ ದಕ್ಕಿದ್ದು ಸರ್ಕಾರದಿಂದ ವರ್ಷಕ್ಕೊಮ್ಮೆ ಬರುವ ತಸ್ತೀಕು ಹಣ. ಅದರಲ್ಲಿ ದೀಪದ ಎಣ್ಣೆ ಸಾಗುವುದೇ ಕಷ್ಟ. ಹೀಗಾಗಿ ಭಕ್ತರ ಚಂದಾ ಬಂದಾಗ ಹಳೆ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಟೈಲ್ಸು, ಶಿಖರಕ್ಕೆ ಸಿಮೆಂಟು ಬೀಳುತ್ತದೆ. ಪುರಾತತ್ವ ಇಲಾಖೆ, ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಊರಿನವರು ಖರ್ಚು ಹಂಚಿಕೊಂಡು ಕಲ್ಲನ್ನು ಬಿಚ್ಚಿ ಮರುಜೋಡಿಸುವ ಪದ್ಧತಿ ರಾಜ್ಯದಲ್ಲಿ ನೂರಾರು ಗುಡಿಗಳನ್ನು ಇದರಿಂದ ಪಾರುಮಾಡಿದೆ. ಊರಿಗೂ ಪಾಲಿರುವ ಅಪರೂಪದ ವ್ಯವಸ್ಥೆ ಅದು.

ಚಲಿಸುವ ಪರಂಪರೆಗೆ ಕಾನೂನು ಇನ್ನೂ ತೆಳು. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ರಥೋತ್ಸವದಲ್ಲಿ ತೇರು ಉರುಳಿ ಹಲವರು ಗಾಯಗೊಂಡರು. ತೇರಿನ ಅಚ್ಚು, ಗಾಲಿಗಳನ್ನು ಸ್ಮಾರಕದಂತೆ ಜೋಪಾನ ಮಾಡಬೇಕೋ, ವಾಹನದಂತೆ ತಪಾಸಣೆ ಮಾಡಬೇಕೋ ಎಂಬ ಪ್ರಶ್ನೆಗೆ ಪುರಾತತ್ವದ ಕಾಯಿದೆಗಳಲ್ಲಿ ಉತ್ತರವಿಲ್ಲ.

ಹೊಲ, ಗುಡ್ಡಗಳಲ್ಲಿ ಬಿದ್ದವುಗಳ ಸ್ಥಿತಿ ಇನ್ನೂ ಕಷ್ಟದ್ದು. ಕೂಡ್ಲಿಗಿ ಸೀಮೆಯ ಕುಮತಿಯ ಬೃಹತ್ ಶಿಲಾಯುಗದ ಮಾನವಾಕೃತಿ ಚಪ್ಪಡಿಗಳು, ಬದುವಿನ ವೀರಗಲ್ಲು, ಮಾಸ್ತಿಕಲ್ಲುಗಳು ಇಂಥವು. ವೀರಗಲ್ಲಿನ ಬುಡ ಅಗೆಯುವ ನಿಧಿಗಳ್ಳರಿಗೆ 1962ರ ರಾಜ್ಯದ ನಿಧಿ ಕಾಯಿದೆಯ ಭಯ ಕಡಿಮೆ. ಇವುಗಳಿಗೆ ಸಿಕ್ಕ ದೊಡ್ಡ ಆಸರೆ ಕಾಯಿದೆಯಲ್ಲ, ದಾಖಲಾತಿ. ರಾಜ್ಯ ಇಲಾಖೆಯ ಗ್ರಾಮವಾರು ಸರ್ವೇಕ್ಷಣೆ ಮತ್ತು ಬಳ್ಳಾರಿ ಜಿಲ್ಲೆಯಿಂದ ಆರಂಭವಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಆ ಕೆಲಸ ಮಾಡಿವೆ.

ಇದೇ ಸೀಮೆಯಲ್ಲಿ ಪಂಚಾಯಿತಿಗೆ ಕುರ್ಚಿ ಕೊಟ್ಟ ಕಾನೂನೂ ಇದೆ, ಆದರೆ ಹಕ್ಕಿಗಳಿಗಾಗಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಸುಮಾರು 244 ಎಕರೆಯ ಹಳೆಯ ನೀರಾವರಿ ಕೆರೆಯನ್ನು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2024ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ವನ್ಯಜೀವಿ ಕಾಯಿದೆಯ 36ಬಿ ಪ್ರಕರಣದಂತೆ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು. ಕೆರೆಯ ಕೊಕ್ಕರೆಯ ಬಗ್ಗೆ ಮಾತಾಡಲು ಪಂಚಾಯಿತಿಗೆ ಇರುವ ಹಕ್ಕು ಕೆರೆಯ ಏರಿಯ ಮೇಲಿನ ಶಾಸನದ ಬಗ್ಗೆ ಇಲ್ಲ.

ಹೊಸಕಾಲದ ಸ್ಮಾರಕಗಳಿಗೆ ಕಾಯಿದೆಯ ಬಾಗಿಲು ಇನ್ನೂ ತೆರೆದಿಲ್ಲ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಸ್ಮಾರಕವಿದೆ. ತಾಲ್ಲೂಕಿನವರು ಅದನ್ನು ಬಾಗಳಿ, ಅಂಬಳಿಗಳಷ್ಟೇ ಅಭಿಮಾನದಿಂದ ತೋರಿಸುತ್ತಾರೆ. 1958ರ ಕಾಯಿದೆಗೆ ಪ್ರಾಚೀನ ಸ್ಮಾರಕವೆಂದರೆ ಕನಿಷ್ಠ 100 ವರ್ಷ ಹಳೆಯದು. ಗಾಂಧೀಜಿ ತೀರಿಕೊಂಡ 1948ರಿಂದಲೇ ಎಣಿಸಿದರೂ ಅದು ಅರ್ಹವಾಗುವುದು 2048ರಲ್ಲಿ. ಅಲ್ಲಿಯವರೆಗೆ ಅದರ ಗೋಡೆ, ಅಂಗಳ, ಸುತ್ತಲಿನ ಜಾಗ ಹೇಗಿರಬೇಕೆಂಬುದು ತಾಲ್ಲೂಕು ಆಡಳಿತ ಮತ್ತು ಪಟ್ಟಣದ ಆಡಳಿತಕ್ಕೆ ಬಿಟ್ಟದ್ದು.