ಸಬ್‌ವೂಫರ್ ಆಂಪ್ಲಿಫೈಯರ್‌ನ ಗೇನ್ ಹೊಂದಾಣಿಕೆ

ಗೇನ್ ಹೊಂದಾಣಿಕೆ ಎಂದರೆ ಕಾರಿನ ಸ್ಟೀರಿಯೊದಿಂದ ಬರುವ ಸಂಕೇತದ ವೋಲ್ಟೇಜಿಗೆ ಆಂಪ್ಲಿಫೈಯರ್‌ನ ಸಂವೇದನೆಯನ್ನು ಸರಿಹೊಂದಿಸುವ ಕ್ರಮ. ಮಂದ್ರ ಸ್ವರಗಳನ್ನು ಹೊರಡಿಸುವ ಸಬ್‌ವೂಫರ್‌ನ ಬಾಳಿಕೆಯು ಬಹುಮಟ್ಟಿಗೆ ಈ ಹೊಂದಾಣಿಕೆಯನ್ನು ಅವಲಂಬಿಸಿದೆ. ಗೇನ್ ತಿರುಪನ್ನು ಧ್ವನಿ ಹೆಚ್ಚಿಸುವ ಸಾಧನವೆಂದು ಭಾವಿಸುವುದು ಸಾಮಾನ್ಯವಾದ ತಪ್ಪು ಕಲ್ಪನೆ.

ಕಾರ್ಯ

ಸ್ಟೀರಿಯೊಗಳ ಹೊರಹರಿವಿನ ಗರಿಷ್ಠ ವೋಲ್ಟೇಜ್ ಒಂದರಲ್ಲಿ 2 ವೋಲ್ಟ್ ಇದ್ದರೆ ಮತ್ತೊಂದರಲ್ಲಿ 4 ಅಥವಾ 5 ವೋಲ್ಟ್ ಇರುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸುವುದೇ ಗೇನ್‌ನ ಉದ್ದೇಶ. ಸಂಕೇತ ಪ್ರಬಲವಾಗಿದ್ದರೆ ಗೇನ್ ಕಡಿಮೆಯಿರಬೇಕು, ದುರ್ಬಲವಾಗಿದ್ದರೆ ಹೆಚ್ಚಿರಬೇಕು. ಗೇನ್ ಹೆಚ್ಚಿಸಿದರೆ ಆಂಪ್ಲಿಫೈಯರ್‌ನ ಗರಿಷ್ಠ ಸಾಮರ್ಥ್ಯ ಹೆಚ್ಚುವುದಿಲ್ಲ. ಅದು ಆ ಮಿತಿಯನ್ನು ಬೇಗನೆ ತಲುಪುತ್ತದೆ, ಅಷ್ಟೆ.

ಕ್ಲಿಪ್ಪಿಂಗ್

ಮಿತಿ ಮೀರಿದಾಗ ಧ್ವನಿತರಂಗದ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಪೂರ್ಣವಾಗಿ ಚೌಕಾಕಾರ ತಾಳಿದ ತರಂಗವು ಅಷ್ಟೇ ಎತ್ತರದ ಸೈನ್ ತರಂಗಕ್ಕಿಂತ ಎರಡು ಪಟ್ಟು ಶಕ್ತಿಯನ್ನು ಒಯ್ಯುತ್ತದೆ. ಆದ್ದರಿಂದ 200 ವ್ಯಾಟ್ ಆಂಪ್ಲಿಫೈಯರ್ ತೀವ್ರವಾಗಿ ಕ್ಲಿಪ್ ಆದರೆ, 250 ವ್ಯಾಟ್ ಸಬ್‌ವೂಫರ್‌ನ ವಾಯ್ಸ್ ಕಾಯಿಲ್ ಕೂಡ ಕಾದು ಸುಟ್ಟುಹೋಗಬಹುದು. ಕಡಿಮೆ ಸಾಮರ್ಥ್ಯದ ಆಂಪ್ಲಿಫೈಯರ್‌ನಿಂದ ಅಪಾಯವಿಲ್ಲವೆಂಬ ನಂಬಿಕೆ ಪೂರ್ಣ ಸತ್ಯವಲ್ಲ.

ಹೊಂದಿಸುವ ವಿಧಾನ

ಮೊದಲು ಗುರಿ ವೋಲ್ಟೇಜನ್ನು ಲೆಕ್ಕ ಹಾಕಬೇಕು:

ವೋಲ್ಟೇಜ್ = √(ವ್ಯಾಟ್ × ಓಮ್)

ಇಲ್ಲಿ ಸಬ್‌ವೂಫರ್ ಮತ್ತು ಆಂಪ್ಲಿಫೈಯರ್‌ಗಳ ಆರ್‌ಎಂಎಸ್ ಸಾಮರ್ಥ್ಯಗಳಲ್ಲಿ ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳಬೇಕು. 300 ವ್ಯಾಟ್, 4 ಓಮ್ ಆದರೆ ಗುರಿ ಸುಮಾರು 34.6 ವೋಲ್ಟ್, 300 ವ್ಯಾಟ್, 2 ಓಮ್ ಆದರೆ ಸುಮಾರು 24.5 ವೋಲ್ಟ್. ಅನಂತರದ ಹಂತಗಳು ಹೀಗಿವೆ:

1. ಆಂಪ್ಲಿಫೈಯರನ್ನು ಆರಿಸಿ, ಸಬ್‌ವೂಫರ್‌ನ ತಂತಿಗಳನ್ನು ಬಿಚ್ಚಬೇಕು. ಗೇನನ್ನು ಕನಿಷ್ಠಕ್ಕೆ ಇಳಿಸಬೇಕು.
2. ಬಾಸ್ ಬೂಸ್ಟ್, ಲೌಡ್‌ನೆಸ್‌ಗಳನ್ನು ನಿಲ್ಲಿಸಿ, ಈಕ್ವಲೈಸರನ್ನು ಸಮಸ್ಥಿತಿಯಲ್ಲಿ ಇಡಬೇಕು. ಲೋ-ಪಾಸ್ ಫಿಲ್ಟರನ್ನು ಗರಿಷ್ಠ ಆವರ್ತನಕ್ಕೆ ತಿರುಗಿಸಬೇಕು.
3. ಮಲ್ಟಿಮೀಟರನ್ನು ಎಸಿ ವೋಲ್ಟೇಜ್ ಸ್ಥಾನದಲ್ಲಿಟ್ಟು ಆಂಪ್ಲಿಫೈಯರ್‌ನ ಸ್ಪೀಕರ್ ತುದಿಗಳಿಗೆ ಜೋಡಿಸಬೇಕು.
4. ವ್ಯವಸ್ಥೆಯನ್ನು ಚಾಲೂ ಮಾಡಿ, 0 ಡೆಸಿಬೆಲ್ ಮಟ್ಟದ 50 ಹರ್ಟ್ಸ್ ಪರೀಕ್ಷಾ ಸ್ವರವನ್ನು ನುಡಿಸುತ್ತ ಸ್ಟೀರಿಯೊದ ವಾಲ್ಯೂಮನ್ನು ಗರಿಷ್ಠದ ಮುಕ್ಕಾಲು ಭಾಗಕ್ಕೆ ತರಬೇಕು.
5. ಗುರಿ ವೋಲ್ಟೇಜ್ ಬರುವವರೆಗೆ ಗೇನನ್ನು ನಿಧಾನವಾಗಿ ಏರಿಸಬೇಕು.
6. ಸ್ವರವನ್ನು ನಿಲ್ಲಿಸಿ, ಆಂಪ್ಲಿಫೈಯರನ್ನು ಆರಿಸಿ, ಸಬ್‌ವೂಫರನ್ನು ಮತ್ತೆ ಜೋಡಿಸಿ ಫಿಲ್ಟರನ್ನು ಬೇಕಾದ ಆವರ್ತನಕ್ಕೆ ಮರಳಿಸಬೇಕು.

ಮಿತಿಗಳು

ಮಲ್ಟಿಮೀಟರ್ ವೋಲ್ಟೇಜನ್ನು ತೋರಿಸುತ್ತದೆಯೇ ಹೊರತು ತರಂಗದ ಆಕಾರವನ್ನಲ್ಲ. ಸ್ಟೀರಿಯೊದಲ್ಲಿಯೇ ಕ್ಲಿಪ್ಪಿಂಗ್ ಆಗುತ್ತಿದ್ದರೆ ಅದನ್ನು ಪತ್ತೆಹಚ್ಚಲು ಆಸಿಲೋಸ್ಕೋಪ್ ಬೇಕು. ಸಬ್‌ವೂಫರ್‌ನ ಇಂಪೆಡೆನ್ಸ್ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ ಮೇಲಿನ ಲೆಕ್ಕಾಚಾರವು ಅಂದಾಜು ಮಾತ್ರ. ಹೊಂದಾಣಿಕೆಯ ಬಳಿಕ ಬಾಸ್ ಬೂಸ್ಟನ್ನು 6 ಡೆಸಿಬೆಲ್ ಏರಿಸಿದರೆ ಆ ಆವರ್ತನದಲ್ಲಿ ಸುಮಾರು ನಾಲ್ಕು ಪಟ್ಟು ಸಾಮರ್ಥ್ಯ ಬೇಕಾಗುತ್ತದೆ. ಆಗ ಗೇನನ್ನು ಹೊಸದಾಗಿ ಹೊಂದಿಸುವುದು ಅಗತ್ಯ. ಪರೀಕ್ಷೆಯ ವೇಳೆ ಇಟ್ಟಿದ್ದ ವಾಲ್ಯೂಮ್ ಮಟ್ಟವನ್ನು ನಿತ್ಯದ ಬಳಕೆಯಲ್ಲಿ ಮೀರಬಾರದು.